ಮೂರನೇ ತೂತು

ಸೆಪ್ಟೆಂಬರ್ 3, ಮಂಗಳವಾರ

ಪರದೆ ಸರಿಯಲಿ! ಗಂಟೆ ಬಾರಿಸಲಿ! ದಾರಿ ಬಿಡಿ, ಬರುತ್ತಿವೆ ನನ್ನ ಎರಡು ಪಾದಗಳು!

ಪಾದಗಳೇ? ಎಲ್ಲಿಯ ಪಾದಗಳು! ಬೆಳಿಗ್ಗೆ ಹಾಸಿಗೆಯಿಂದ ಇಳಿದಾಗ ಸುಮಾರಾಗಿ ಮನುಷ್ಯರ ಕಾಲಿನಂತೆಯೇ ಇದ್ದವು. ಸಂಜೆ ಹೊಲಿಗೆ ಯಂತ್ರದ ಮುಂದಿನಿಂದ ಏಳುವಷ್ಟರಲ್ಲಿ ಕಣಕಾಲು ಎಲ್ಲಿ ಮುಗಿಯಿತು, ಹಿಮ್ಮಡಿ ಎಲ್ಲಿ ಶುರುವಾಯಿತು ಎಂಬ ಗಡಿಯೇ ಅಳಿಸಿಹೋಗಿ ಎರಡು ದಿಂಬುಗಳಾಗಿದ್ದವು. ಬೆರಳಿನಿಂದ ಒತ್ತಿದರೆ ಗುಳಿ. ಆ ಗುಳಿ ತುಂಬಿಕೊಳ್ಳಲು ಹತ್ತು ಎಣಿಸಬೇಕು. ನಾನು ಎಣಿಸಿದೆ. ಹೊಟ್ಟೆಯೊಳಗಿನ ಕಂಪನಿ ಮಾಲೀಕರು ಆಗ ಒಂದು ಒದೆ ಕೊಟ್ಟರು. ಬಹುಶಃ ಚಪ್ಪಾಳೆ.

ಕಾಲಿನ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮಪ್ಪ ನಾಟಕದ ಕಂಪನಿಯಲ್ಲಿ ಪ್ರಾಂಪ್ಟರ್. ರಂಗದ ಮುಂದಿನ ಗುಂಡಿಯಲ್ಲಿ ಕೂತು ಮಾತು ಮರೆತವರಿಗೆ ಮಾತು ಎತ್ತಿಕೊಡುವವನು. ಅವನ ತೊಡೆಯ ಮೇಲೆ ಕೂತು ಬೆಳೆದ ನನಗೆ ಕಾಣುತ್ತಿದ್ದುದು ಕಾಲುಗಳು ಮಾತ್ರ. ಹನ್ನೆರಡು ವರ್ಷದವರೆಗೆ ರಾಜ ಎಂದರೆ ನನಗೆ ಒಂದು ಜೊತೆ ಬೂಟು, ಎಡಗಾಲಿನದು ಬಾಯಿ ಬಿಟ್ಟದ್ದು. ಹಾಗೆ ಬೆಳೆದವಳು ಬಂದು ಸೇರಿದ್ದೂ ಚಪ್ಪಲಿ ಹೊಲಿಯುವವರ ಮನೆಗೆ. ಕೆಳಗೆ ಅಂಗಡಿ, ಮೇಲೆ ಮನೆ. ಮಾವ ಅಟ್ಟೆ ಕತ್ತರಿಸುತ್ತಾರೆ, ನಾನು ಮೇಲಿನ ಚರ್ಮ ಹೊಲಿಯುತ್ತೇನೆ. ಇವೆರಡನ್ನೂ ಕೂಡಿಸುತ್ತಿದ್ದವನು ನನ್ನ ಗಂಡ.

ಅವನು ಹೋಗಿ ಐದು ತಿಂಗಳು. ಎಂಟು ಜೊತೆ ಚಪ್ಪಲಿಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೊರಟ, ಹಿಂದಕ್ಕೆ ಬರುತ್ತಿದ್ದ ಲಾರಿ ಅವನನ್ನು ನೋಡಲಿಲ್ಲ. ನಾನು ಬಸುರಿ ಎಂದು ತಿಳಿದು ಅವನಿಗೆ ಸಿಕ್ಕಿದ್ದು ಒಂಬತ್ತು ದಿನದ ಸಂತೋಷ. ಅಷ್ಟರಲ್ಲೇ ನನಗೊಂದು ಜೊತೆ ಮಾಡಿಕೊಟ್ಟ. ಅಗಲವಾದ ಅಟ್ಟೆ, ಮೆತ್ತನೆಯ ಪಟ್ಟಿ, ಪಟ್ಟಿಯಲ್ಲಿ ಐದು ತೂತು. "ಕಾಲು ಊದುತ್ತೆ ಮಹಾರಾಣಿ, ಆಗ ಒಂದೊಂದೇ ತೂತು ಸಡಿಲ ಮಾಡ್ಕೋ" ಎಂದಿದ್ದ. ಅವನು ಮಾಡಿದ ಕೊನೆಯ ಜೊತೆ ಅದು. ಬೇರೆ ಚಪ್ಪಲಿ ನಾನು ಮೆಟ್ಟುವುದಿಲ್ಲ.

ಈಗ ಮನೆಯಲ್ಲಿ ಇಬ್ಬರೇ. ನಾನು, ಮತ್ತು ಮಾವ ಎಂಬ ಮೌನ ಮಹಾರಾಜರು. ಮಹಾರಾಜರು ಇವತ್ತು ಇಡೀ ದಿನಕ್ಕೆ ಹನ್ನೊಂದು ಮಾತು ಆಡಿದರು. ಅದರಲ್ಲಿ ನಾಲ್ಕು ದಾರದ ಬಗ್ಗೆ.

ಸೆಪ್ಟೆಂಬರ್ 5, ಗುರುವಾರ

ಕ್ಲಿನಿಕ್ಕು. ನರ್ಸಮ್ಮನಿಗೆ ನನ್ನ ಕಾಲು ತೋರಿಸಿ, "ಇವು ಯಾರದ್ದೋ, ನನಗೆ ತಪ್ಪಿ ಕೊಟ್ಟಿದ್ದಾರೆ" ಎಂದೆ.

"ನಿಂತು ಮಾಡೋ ಕೆಲಸಾನಾ, ಕೂತು ಮಾಡೋದಾ?"

"ಕೂತು."

"ಕಾಲು ಇಳಿಬಿಟ್ಕೊಂಡು?"

"ಮತ್ತೆ ಹೆಗಲ ಮೇಲೆ ಹಾಕ್ಕೊಂಡು ಹೊಲಿಯಕ್ಕಾಗುತ್ತಾ?"

ನಕ್ಕಳು. ಆಮೇಲೆ ಬೆರಳು ಮಡಚಿ ಹೇಳತೊಡಗಿದಳು. ಸ್ಟೂಲಿನ ಮೇಲೆ ಕಾಲಿಟ್ಟುಕೋ. ಎಡಮಗ್ಗುಲಿಗೆ ಮಲಗು. ಗಂಟೆಗೊಮ್ಮೆ ಎದ್ದು ಓಡಾಡು. ಉಪ್ಪು ಕಮ್ಮಿ ಮಾಡು. ಊದಿದೆ ಅಂತ ನೀರು ಕುಡಿಯೋದು ಬಿಡಬೇಡ. ನಾನು ಎಲ್ಲಕ್ಕೂ "ಅಪ್ಪಣೆ!" ಎಂದೆ. ಕೊನೆಗೆ ಮಾತ್ರ ಅವಳು ನಗಲಿಲ್ಲ.

"ಸಾಯಂಕಾಲ ಊದಿ ಬೆಳಿಗ್ಗೆ ಇಳಿದ್ರೆ ಹೆದರಬೇಡ. ಇದ್ದಕ್ಕಿದ್ದ ಹಾಗೆ ಜಾಸ್ತಿಯಾದ್ರೆ, ಮುಖ ಕೈ ಊದಿದ್ರೆ, ತಲೆ ಸಿಡಿದ್ರೆ, ಕಣ್ಣು ಮಂಜಾದ್ರೆ, ಆವತ್ತೇ ಬರಬೇಕು. ಬಿ.ಪಿ. ಏರಿರುತ್ತೆ. ಬೆಳಿಗ್ಗೆ ನಿನ್ನ ಚಪ್ಪಲಿ ಯಾವ ತೂತಿಗೆ ಬರುತ್ತೆ?"

"ತುದಿಯಿಂದ ಎಣಿಸಿದ್ರೆ ಮೂರನೇದು."

"ಹಾಗಾದ್ರೆ ಅದನ್ನೇ ನೋಡ್ತಿರು. ನಿನ್ನ ಪಾದ ನಿನಗೆ ಕಾಣಲ್ಲ, ಚಪ್ಪಲಿ ಹೇಳುತ್ತೆ. ಬೆಳಿಗ್ಗೇನೇ ತುದಿ ತೂತಿಗೆ ಬಂತು ಅಂದ್ರೆ ನನಗೆ ಫೋನ್ ಮಾಡು."

ಚಪ್ಪಲಿಯವರ ಮನೆಯವಳಿಗೆ ಚಪ್ಪಲಿಯದೇ ಪರೀಕ್ಷೆ! ಮನೆಗೆ ಬಂದು ಇದನ್ನು ಮಹಾರಾಜರಿಗೆ ಹೇಳಲಿಲ್ಲ. ಅವರು ಕೇಳಲಿಲ್ಲ.

ಸೆಪ್ಟೆಂಬರ್ 12, ಗುರುವಾರ

ಬೆಳಿಗ್ಗೆ ಎರಡನೇ ತೂತು.

ಬಗ್ಗಿ ಬಕಲ್ ಹಾಕಲು ಹೋಗಿ ಆಗದೆ, ಮೆಟ್ಟಿಲ ಮೇಲೆ ಕೂತು ಕೈಯಲ್ಲೇ ತಡವುತ್ತ ಹಾಕಿಕೊಂಡೆ. ಮೂರನೇದಕ್ಕೆ ಎಷ್ಟು ಎಳೆದರೂ ಬರಲಿಲ್ಲ. ಆಗ ಏನಾಯಿತೋ, ಕಿತ್ತು ಗೋಡೆಗೆ ಎಸೆದೆ. "ಇವೂ ಹೋಗ್ಲಿ! ಅವನು ಹೋದ, ಅವನು ಮಾಡಿಕೊಟ್ಟಿದ್ದೂ ಹೋಗ್ಲಿ! ಎಲ್ಲ ಬಿಟ್ಟು ಹೋಗಿ!" ನನ್ನ ಗಂಟಲು ಗೊತ್ತಲ್ಲ, ಬೀದಿಯ ಆ ಕೊನೆಯಲ್ಲಿ ನಾಯಿಗಳು ಎದ್ದು ಕೂತವು.

ಮಾವ ಚಪ್ಪಲಿ ಎತ್ತಿಕೊಂಡರು. ಧೂಳು ಕೊಡವಿದರು. "ಅಗಲವಾದ್ದು ಹೊಸದು ಮಾಡಿಕೊಡ್ತೀನಿ, ತಾಯಿ" ಎಂದರು.

"ಬೇಡ! ನನಗೆ ಇದೇ ಬೇಕು. ಇದು ಬರಲ್ಲ ಅಂದ್ರೆ ಬರಿಗಾಲಲ್ಲಿ ಇರ್ತೀನಿ."

ಅವರು ಚಪ್ಪಲಿಯನ್ನು ತಿರುಗಿಸಿ ಅಟ್ಟೆ ನೋಡಿದರು. ಮಗನ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದರು. ಒಳಗೆ ಹೋದರು. ನಾನು ಮೂಗು ಒರೆಸಿಕೊಂಡು ಯಂತ್ರಕ್ಕೆ ಕೂತೆ.

ಸೆಪ್ಟೆಂಬರ್ 14, ಶನಿವಾರ

ಜಯವಾಗಲಿ! ಮೂರನೇ ತೂತು!

ಮಹಾರಾಜರೇ ನನ್ನ ಮುಂದೆ ಮೊಣಕಾಲೂರಿ ಬಕಲ್ ಹಾಕಿದರು. ನಾನು ಮುದುಡಿಹೋದೆ. "ಬಿಡಿ ಮಾವ, ನೀವು ನನ್ನ ಕಾಲು ಮುಟ್ಟೋದಾ?" ಎಂದರೆ, "ಐವತ್ತು ವರ್ಷದಿಂದ ಊರಿನವರ ಕಾಲೆಲ್ಲ ಹಿಡಿದಿದ್ದೀನಿ. ಮನೆಯವರದಕ್ಕೇನು?" ಎಂದರು. ಆಮೇಲೆ ಗಿರಾಕಿಗಳಿಗೆ ಹೇಳುವ ಹಾಗೆ ಗಂಭೀರವಾಗಿ, "ಮೂರನೇದು."

ಸ್ಟೂಲು, ಎಡಮಗ್ಗುಲು, ಉಪ್ಪಿಲ್ಲದ ಸಾರು, ಎಲ್ಲ ಫಲ ಕೊಟ್ಟಿದೆ. ಇನ್ನು ದಿನಾ ಅವರೇ ಬೆಳಿಗ್ಗೆ ಹಾಕಿ, ಸಂಜೆ ಬಿಚ್ಚುವುದು ಎಂದು ಒಪ್ಪಂದವಾಯಿತು. ಸಂಜೆ ಬಿಚ್ಚುವಾಗ ಪಟ್ಟಿ ಸ್ವಲ್ಪ ಕಚ್ಚಿರುತ್ತದೆ, ಅದಿರಲಿ. ಬೆಳಿಗ್ಗೆ ಇಳಿದರೆ ಹೆದರಬೇಡ ಎಂದಿದ್ದಾಳಲ್ಲ.

ಮಹಾರಾಜರಿಗೆ ಕೆಲಸ ಹೆಚ್ಚಾಗಿದೆ. ಬೆಳಿಗ್ಗೆ ಐದಕ್ಕೇ ಕೆಳಗೆ ಸುತ್ತಿಗೆಯ ಸದ್ದು ಕೇಳಿ ಎಚ್ಚರವಾಯಿತು.

ಸೆಪ್ಟೆಂಬರ್ 19, ಗುರುವಾರ

ಕ್ಲಿನಿಕ್ಕಿನಲ್ಲಿ ಬಿ.ಪಿ. ನೋಡಿದರು. ಸರಿಯಾಗಿದೆ. ಮತ್ತೆ ಅಕ್ಟೋಬರ್ ಮೂರಕ್ಕೆ ಬಾ ಎಂದರು.

ಮಧ್ಯಾಹ್ನ ಅಂಗಡಿಗೆ ಸಾಕ್ಷಾತ್ ರಾಜನೇ ದಯಮಾಡಿಸಿದ, ನಾಟಕದ ಕಂಪನಿಯಲ್ಲಿ ರಾಜನ ಪಾತ್ರ ಮಾಡುವವನು! ಹೊಸ ನಾಟಕವಂತೆ, ಕಂಪನಿಯವರಿಗೆ ಇಪ್ಪತ್ತು ಜೊತೆ ಬೂಟು ಬೇಕು, ಈ ತಿಂಗಳ ಕೊನೆಗೆ. ರಾಜನಿಗೆ ಐವತ್ತೈದು ವಯಸ್ಸು, ದೊಡ್ಡ ಹೊಟ್ಟೆ, ಕಾಲು ಮಾತ್ರ ಸಣ್ಣ ಹುಡುಗಿಯದು. ನನ್ನನ್ನು ನೋಡಿದವನೇ, "ಏನಮ್ಮಾ, ನನ್ನ ಬೂಟು ನಿನ್ನ ಅಳತೆಗೆ ಹೊಲಿದುಬಿಟ್ಟೀಯಾ ಹುಷಾರು!" ಎಂದ.

"ಬೂಟಿನ ಜೊತೆ ಕಿರೀಟಾನೂ ಕೊಡಿ. ನಿಮ್ಮ ಮಾತು ನಿಮಗಿಂತ ಚೆನ್ನಾಗಿ ಹೇಳ್ತೀನಿ."

"ಹೇಳು ನೋಡೋಣ!"

ಎದ್ದು ನಿಂತೆ. ಒಂದು ಕೈ ಸೊಂಟದ ಮೇಲೆ, ಒಂದು ಕೈ ಹೊಟ್ಟೆಯ ಮೇಲೆ. "ಯಾರಲ್ಲಿ! ನನ್ನ ಸಿಂಹಾಸನ ಬೇಡ, ಸ್ಟೂಲು ತನ್ನಿ!" ರಾಜ ಬಿದ್ದು ಬಿದ್ದು ನಕ್ಕ. ಮೂಲೆಯಲ್ಲಿ ಯಾರೋ ಗೊರಕ್ ಎಂದ ಹಾಗಾಯಿತು. ತಿರುಗಿ ನೋಡಿದರೆ ಮಾವ. ಅವರು ನಕ್ಕದ್ದು! ಮಗ ಹೋದ ಮೇಲೆ ಮೊದಲ ಸಲ.

ರಾಜ ಹೋದ ಮೇಲೆ ಒಂದು ಪುಟ್ಟ ಚೂರು ಚರ್ಮ ನನ್ನ ಮುಂದಿಟ್ಟರು. ಹೆಬ್ಬೆರಳಿನಷ್ಟು ಉದ್ದ. "ಕೂಸಿಗೆ. ಮೇಲಿನದು ನೀನು ಹೊಲಿ. ಅಟ್ಟೆ ನಾನು ಹಾಕ್ತೀನಿ." ನಡೆಯಲು ಬಾರದವರಿಗೆ ಅಟ್ಟೆ ಯಾಕೆ ಎಂದು ತಮಾಷೆ ಮಾಡಬೇಕೆಂದಿದ್ದೆ. ಆಗಲಿಲ್ಲ.

ಸೆಪ್ಟೆಂಬರ್ 24, ಮಂಗಳವಾರ

ಅಕ್ಕನ ಫೋನು.

"ಹೆರಿಗೆ ಆಗಿದ್ದೇ ಇಲ್ಲಿಗೆ ಬಂದ್ಬಿಡು. ಆ ಮುದುಕನ ಜೊತೆ ಏನು ಮಾಡ್ತೀಯ ಅಲ್ಲಿ? ಮಾತಿಲ್ಲ ಕತೆಯಿಲ್ಲ. ಗೋಡೆ ನೋಡ್ಕೊಂಡು ಇರ್ತೀಯಾ?"

"ಗೋಡೆ ಅಲ್ಲ ಕಣೇ. ಮೊನ್ನೆ ನಕ್ಕರು."

"ಅಯ್ಯೋ, ಪೇಪರಿಗೆ ಹಾಕಿಸು!"

ಮಗುವಿಗೆ ತಾತ ಬೇಡವೇ ಎಂದೆ. ನಿಜ ಹೇಳಬೇಕೆಂದರೆ ಈ ಮನೆಗೂ ನನಗೂ ಇರುವ ನಂಟು ಹೊಟ್ಟೆಯಲ್ಲಿ ಒದೆಯುತ್ತಿರುವ ಇದೊಂದೇ. ನನಗೂ ಗೊತ್ತು, ಅವರಿಗೂ ಗೊತ್ತು.

ಇವತ್ತೂ ಬೆಳಿಗ್ಗೆ ಸುತ್ತಿಗೆಯ ಸದ್ದು. ಮೂರನೇ ತೂತು, ಸಲೀಸಾಗಿ.

ಸೆಪ್ಟೆಂಬರ್ 28, ಶನಿವಾರ

ಬೂಟಿನ ಕೆಲಸ. ಹದಿನಾಲ್ಕು ಜೊತೆ ಮುಗಿದಿವೆ. ಅಂಗಡಿ ತುಂಬ ಅಂಟಿನ ವಾಸನೆ, ತಲೆ ಸಿಡಿಯುತ್ತಿದೆ. ಮಾವನಿಗೂ ತಲೆನೋವು. ಗಂಡನ ಉಂಗುರ ನನ್ನ ಬೆರಳಿಗೆ ಬಿಗಿಯಾಗಿತ್ತು, ಸೋಪು ಹಚ್ಚಿ ತೆಗೆದು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡೆ. ದಿನವಿಡೀ ಸೂಜಿ ಹಿಡಿದರೆ ಬೆರಳು ಊದದೆ ಇನ್ನೇನು.

ಕಾಲು ಮಾತ್ರ ವಿಧೇಯ. ಮೂರನೇ ತೂತು. ಬಕಲ್ ಹಾಕಿದ ಮೇಲೂ ಮಾವ ಏಳಲಿಲ್ಲ, ನನ್ನ ಪಾದವನ್ನು ಅಂಗೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಹಾಗೇ ಕೂತಿದ್ದರು. "ಏನು ಮಾವ?" ಎಂದೆ. "ಏನಿಲ್ಲ, ಕೆಲಸ ಕಮ್ಮಿ ಮಾಡು" ಎಂದರು. ಎಂದೂ ಹಾಗೆ ಅನ್ನುವವರಲ್ಲ.

ಸೆಪ್ಟೆಂಬರ್ 30, ಸೋಮವಾರ

ನರ್ಸಮ್ಮ ತಾನಾಗಿ ಫೋನ್ ಮಾಡಿದಳು. ನಾಳೆ ಒಂದು ಜಾಗ ಖಾಲಿ ಇದೆಯಂತೆ, ಗುರುವಾರದ ಬದಲು ನಾಳೆಯೇ ಬರುತ್ತೀಯಾ ಎಂದಳು. ಇನ್ನೂ ಮೂರು ಜೊತೆ ಬೂಟು ಉಳಿದಿವೆ.

"ತಲೆನೋವು?"

"ಅಂಟಿನ ವಾಸನೆಗೆ. ಇಲ್ಲಿ ಎಲ್ಲರಿಗೂ ಇದೆ."

"ಕಣ್ಣು ಮಂಜು?"

"ಇಲ್ಲ."

"ಬೆಳಿಗ್ಗೆ ಚಪ್ಪಲಿ?"

"ಮೂರನೇ ತೂತು! ಎರಡು ವಾರದಿಂದ ಅಲ್ಲಾಡಿಲ್ಲ!" ಎಂದು ಪದಕ ಬಂದವಳ ಹಾಗೆ ಕೂಗಿದೆ.

ಆ ಕಡೆ ಕಾಗದ ಮಗುಚಿದ ಸದ್ದು. "ಊತ ಹೆಚ್ಚಿಲ್ಲ ಅಂದ್ರೆ ಸರಿ. ಗುರುವಾರವೇ ಬಾ. ಹೆಚ್ಚಾದ್ರೆ ಕಾಯಬೇಡ."

ಅಪ್ಪಣೆ, ಅಪ್ಪಣೆ.

ಅಕ್ಟೋಬರ್ 7, ಸೋಮವಾರ

ಮಗು ಇಲ್ಲ.

ಅಕ್ಟೋಬರ್ 9, ಬುಧವಾರ

ಬರೆಯದಿದ್ದರೆ ಮರೆತುಹೋಗುತ್ತದೆಂದು ಹೆದರಿಕೆ. ಬರೆಯುತ್ತೇನೆ.

ಹೋದ ಬುಧವಾರ ಬೆಳಿಗ್ಗೆ ಕೊನೆಯ ಬೂಟು ಹೊಲಿಯುತ್ತಿದ್ದಾಗ ಸೂಜಿ ಎರಡಾಗಿ ಕಂಡಿತು. ಆಮೇಲೆ ಹೊಟ್ಟೆಯಲ್ಲಿ ಕಲ್ಲಿನಂಥ ನೋವು. ಮಾವ ನನ್ನನ್ನು ಎತ್ತಿಕೊಂಡು ಬೀದಿಗೆ ಓಡಿದರಂತೆ. ಎಪ್ಪತ್ತೊಂದು ವರ್ಷದವರು. ಆಸ್ಪತ್ರೆಯಲ್ಲಿ ಬಿ.ಪಿ. ವಿಪರೀತ ಏರಿತ್ತು. ಒಳಗೆ ರಕ್ತ ಹೋಗಿ ಮಗುವಿಗೆ ಉಸಿರು ತಲುಪಿಲ್ಲ.

ಹೆಣ್ಣು. ಕೂದಲು ಇತ್ತು.

ಆಸ್ಪತ್ರೆಯ ನರ್ಸೊಬ್ಬಳು ಅದರ ಎರಡು ಪಾದಕ್ಕೆ ಶಾಯಿ ಹಚ್ಚಿ ಒಂದು ಕಾರ್ಡಿನ ಮೇಲೆ ಒತ್ತಿಕೊಟ್ಟಳು.

ಅಕ್ಟೋಬರ್ 12, ಶನಿವಾರ

ಮನೆ. ಅಕ್ಕ ಬಂದಿದ್ದಾಳೆ. ನನ್ನ ಬಟ್ಟೆ ಮಡಚುತ್ತಿದ್ದಾಳೆ. "ಇನ್ನು ಇಲ್ಲಿ ನಿನಗೆ ಯಾರಿದ್ದಾರೆ" ಎಂದು ಮೆಲ್ಲಗೆ ಕೇಳಿದಳು. ಬೈಯುವ ಹಾಗೆ ಕೇಳಿದ್ದರೆ ಉತ್ತರ ಕೊಡುತ್ತಿದ್ದೆ.

ಊತ ಪೂರ್ತಿ ಇಳಿದಿದೆ. ಕಣಕಾಲಿನ ಮೂಳೆ ಕಾಣುತ್ತಿದೆ. ಒತ್ತಿದರೆ ಗುಳಿ ಬೀಳುವುದಿಲ್ಲ. ಇಷ್ಟು ಬೇಗ ಹೇಗೆ ಮರೆಯುತ್ತದೆ ಕಾಲು?

ಮಾವ ಕಾರ್ಡು ಕೇಳಿದರು. ಕೊಟ್ಟೆ. ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದು, ಗಿರಾಕಿಯ ಅಳತೆ ಓದುವ ಹಾಗೆ ಓದಿದರು. "ಕಮಾನು ಎತ್ತರ ಇದೆ. ಎರಡನೇ ಬೆರಳು ಉದ್ದ. ಅಪ್ಪನದೇ." ಅಂಗಡಿಯಲ್ಲಿ ಊರಿನವರೆಲ್ಲರ ಕಾಲಿನ ಅಳತೆಯ ಕಾಗದಗಳನ್ನು ಇಡುವ ಪೆಟ್ಟಿಗೆಯಿದೆ. ಅದರಲ್ಲಿ ಮಗನ ಕಾಗದ ಹುಡುಕಿ, ಅದರ ಹಿಂದೆ ಕಾರ್ಡು ಇಟ್ಟು, ಮುಚ್ಚಳ ಹಾಕಿದರು. ಆಮೇಲೆ ಪೆಟ್ಟಿಗೆಯ ಮೇಲೆ ಕೈಯಿಟ್ಟು ನಿಂತರು, ಒಳಗಿನಿಂದ ಯಾರೋ ತಳ್ಳುತ್ತಿರುವ ಹಾಗೆ.

ಅಕ್ಟೋಬರ್ 15, ಮಂಗಳವಾರ

ಸತ್ಯ ಗೊತ್ತಾಯಿತು.

ಅಕ್ಕ ಚಪ್ಪಲಿಗಳನ್ನು ಚೀಲಕ್ಕೆ ಹಾಕುತ್ತಿದ್ದಳು. ತಲೆಕೆಳಗಾಗಿ. ಪಟ್ಟಿ ಅಟ್ಟೆಯೊಳಕ್ಕೆ ಹೋಗುವ ಜಾಗ ಕಂಡಿತು. ಕಸಿದುಕೊಂಡು ಕಿಟಕಿಗೆ ಹೋದೆ. ಹತ್ತು ವರ್ಷ ಚರ್ಮ ಹೊಲಿದ ಕಣ್ಣು ನನ್ನದು.

ಅಟ್ಟೆ ಬಿಚ್ಚಿ ಮತ್ತೆ ಅಂಟಿಸಲಾಗಿದೆ. ಅಂಚಿನೊಳಗೆ ಪಟ್ಟಿಗೆ ಚೂರು ಸೇರಿಸಿ ಉದ್ದ ಮಾಡಲಾಗಿದೆ. ಒಂದು ಸಲವಲ್ಲ. ಮೂರು ಸಲ. ಕಬ್ಬಿನ ಗೆಣ್ಣಿನ ಹಾಗೆ ಮೂರು ಜೋಡಣೆ. ಮೊದಲ ಎರಡು ಚೂರು ಸಣ್ಣವು, ಒಂದೊಂದು ತೂತಿನ ಅಂತರದಷ್ಟು. ಮೂರನೆಯದು ಅವುಗಳ ಎರಡರಷ್ಟು. ಹೊಲಿಗೆ ಅವನದಲ್ಲ. ಎಡಕ್ಕೆ ವಾಲುವ ಆ ಹೊಲಿಗೆ ಈ ಲೋಕದಲ್ಲಿ ಒಬ್ಬರದೇ.

ಬೆಳಿಗ್ಗೆ ಐದರ ಸುತ್ತಿಗೆ.

ನನ್ನ ಕಾಲು ಇಳಿದೇ ಇರಲಿಲ್ಲ. ಚಪ್ಪಲಿ ಬೆಳೆಯುತ್ತಿತ್ತು. ನರ್ಸಮ್ಮ ಫೋನ್ ಮಾಡಿದ ಆ ಸೋಮವಾರ ಅದು ಅವನು ಮಾಡಿದ ಹಾಗೆಯೇ ಇದ್ದಿದ್ದರೆ ತುದಿ ತೂತಿಗೂ ಬರುತ್ತಿರಲಿಲ್ಲ. ನಾನು ಫೋನಿನಲ್ಲಿ ಹಾಗೆಂದಿದ್ದರೆ ಅವಳು ಬಾ ಎನ್ನುತ್ತಿದ್ದಳು. ಮಂಗಳವಾರ ಹೋಗುತ್ತಿದ್ದೆ. ಬುಧವಾರ ಆಸ್ಪತ್ರೆಯ ಮಂಚದ ಮೇಲಿರುತ್ತಿದ್ದೆ. ಮಗು ಅಳುತ್ತಿತ್ತು.

ಅಕ್ಟೋಬರ್ 16, ಬುಧವಾರ

ಇಡೀ ದಿನ ಮಾತು ಕಟ್ಟಿದೆ. ಎಂಥ ಮಾತು! ಗುಂಡಿಯಲ್ಲಿ ಕೂತು ಕೇಳಿದ ಶಾಪಗಳೆಲ್ಲ ಸಾಲಾಗಿ ಬಂದು ನಿಂತವು. "ಎಲೈ ಮುದುಕ! ನಿನ್ನ ಕೈಯಿಂದ ನಿನ್ನ ವಂಶದ ಕೊನೆಯ ಕುಡಿಯನ್ನು…" ಕನ್ನಡಿಯ ಮುಂದೆ ನಿಂತು ಹೇಳಿ ನೋಡಿದೆ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಚಪ್ಪಲಿಗಳನ್ನು ಅವರ ಮುಂದೆ ಎಸೆಯಬೇಕು, ಎಲ್ಲವನ್ನೂ ಗೊತ್ತುಮಾಡಿಕೊಂಡೆ. ನಾಳೆ ಸಂಜೆಯ ಬಸ್ಸಿಗೆ ಅಕ್ಕನ ಜೊತೆ ಹೊರಡುವುದು. ಹೊರಡುವ ಮುಂಚೆ ಹೇಳಿ ಹೊರಡುತ್ತೇನೆ.

ಅಕ್ಟೋಬರ್ 17, ಗುರುವಾರ

ಮಧ್ಯಾಹ್ನ ಚಪ್ಪಲಿ ಕೈಯಲ್ಲಿ ಹಿಡಿದು ಕೆಳಗಿಳಿದೆ. ಅಂಗಡಿಯ ಬಾಗಿಲು ಅರ್ಧ ಮುಚ್ಚಿತ್ತು. ರಾಜನ ಬೂಟುಗಳಲ್ಲಿ ಕೊನೆಯದು ನಾನು ಬಿಟ್ಟ ಹಾಗೆಯೇ ಯಂತ್ರದ ಮೇಲೆ ಸೂಜಿ ಚುಚ್ಚಿಕೊಂಡು ಬಿದ್ದಿತ್ತು. ಅವರು ತಮ್ಮ ಜಾಗದಲ್ಲಿ ಕೂತಿದ್ದರು. ಕೈಯಲ್ಲಿ ಕೆಲಸವಿರಲಿಲ್ಲ. ಕೆಲಸವಿಲ್ಲದ ಆ ಕೈಗಳನ್ನು ನಾನು ಯಾವತ್ತೂ ನೋಡಿರಲಿಲ್ಲ. ಎಷ್ಟು ಚಿಕ್ಕವು.

ನಾನು ಬಾಯಿ ತೆರೆಯುವ ಮೊದಲೇ ಅವರು ಚಪ್ಪಲಿ ನೋಡಿದರು.

"ನೋಡಿಬಿಟ್ಯಾ" ಎಂದರು. "ಹೇಳಬೇಕು ಅಂತಲೇ ಇದ್ದೆ. ಆವತ್ತು ಅತ್ತುಬಿಟ್ಯಲ್ಲ, ಅವನು ಮಾಡಿದ್ದು ನಿನ್ನ ಕಾಲಿಗೆ ಬರದೆ ಹೋಗಬಾರದು ಅಂತ ಬಿಡಿಸಿ ಚೂರು ಹಾಕಿದೆ. ಬೆಳಿಗ್ಗೆ ಮೂರನೇದು ಅಂದ್ರೆ ನಿನ್ನ ಮುಖ ಅರಳ್ತಿತ್ತು. ಆಮೇಲೆ ಬಿಡಕ್ಕಾಗ್ಲಿಲ್ಲ." ಒಂದು ಉಸಿರು ತೆಗೆದುಕೊಂಡರು. "ಕೊನೇ ಸಲ ಎರಡು ತೂತಿನಷ್ಟು ಒಟ್ಟಿಗೇ ಬಿಡಬೇಕಾಯ್ತು. ನಾಲ್ಕೇ ದಿನಕ್ಕೆ. ಕಾಲು ಕೈಯಲ್ಲಿ ಹಿಡಿದಾಗ ಏನೋ ಸರಿಯಿಲ್ಲ ಅನ್ನಿಸ್ತು. ಬಸುರಿಯರ ಕಾಲು ನನಗೇನು ಗೊತ್ತು ಅಂತ ಸುಮ್ಮನಾದೆ."

ಅಷ್ಟು ಮಾತು ಅವರು ಒಟ್ಟಿಗೆ ಆಡಿದ್ದನ್ನು ನಾನು ಕೇಳಿಲ್ಲ. ಆಮೇಲೆ ನನ್ನ ಬಾಯಿಯನ್ನೇ ನೋಡುತ್ತ ಕೇಳಿದರು: "ಅದರಿಂದ ಏನಾದ್ರೂ ಆಯ್ತಾ, ತಾಯಿ? ಡಾಕ್ಟರು ಚಪ್ಪಲಿ ಬಗ್ಗೆ ಏನಾದ್ರೂ ಅಂದ್ರಾ?"

ನನ್ನ ಮಾತು ಗಂಟಲಲ್ಲಿ ಸಿದ್ಧವಾಗಿ ನಿಂತಿತ್ತು. ಒಂದೇ ಒಂದು ಸಾಲು ಸಾಕಿತ್ತು. ಅದನ್ನು ಕೇಳಿದ ಮೇಲೆ ಅವರು ಎಷ್ಟು ದಿನ ಇರುತ್ತಿದ್ದರು ಎಂಬುದೂ ಅವರ ಮುಖದ ಮೇಲೆಯೇ ಬರೆದಿತ್ತು.

ಪ್ರಾಂಪ್ಟರನ ಮಗಳು ನಾನು. ರಂಗದ ಮೇಲೆ ಒಂದು ದಿನವೂ ನಿಂತವಳಲ್ಲ. ಇವತ್ತು ನಿಂತೆ.

"ಚಪ್ಪಲಿಗೂ ಅದಕ್ಕೂ ಏನಪ್ಪಾ ಸಂಬಂಧ?" ಎಂದೆ. ಗಂಟಲು ಎತ್ತಿ, ಬೀದಿಗೆಲ್ಲ ಕೇಳುವ ಹಾಗೆ. "ಒಳಗಡೆ ರಕ್ತ ಹೋಗಿದ್ದಕ್ಕೆ ಹೊರಗಡೆ ಪಟ್ಟಿ ಏನು ಮಾಡುತ್ತೆ? ಡಾಕ್ಟರು ಚಪ್ಪಲಿ ಸುದ್ದೀನೇ ಎತ್ತಲಿಲ್ಲ. ಯಾರ ಕೈಯಲ್ಲೂ ಇರಲಿಲ್ಲ ಅಂದ್ರು. ಇಷ್ಟು ದಿನ ಇದನ್ನೇ ತಲೆಯಲ್ಲಿ ಇಟ್ಕೊಂಡು ಕೂತಿದ್ರಾ? ನಿಮಗೆ ಬುದ್ಧಿ ಇದೆಯಾ?"

ಅವರು ಬಹಳ ಹೊತ್ತು ನೋಡಿದರು. ನಾನು ಕಣ್ಣು ತಗ್ಗಿಸಲಿಲ್ಲ. ಕೊನೆಗೆ ಅವರ ಭುಜ ಕೆಳಗಿಳಿಯಿತು, ಮತ್ತು ಅವರು ಅತ್ತರು. ಸದ್ದಿಲ್ಲದೆ, ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು. ನಾನು ಅಳಲಿಲ್ಲ. ಅಳುವುದು ನನ್ನ ಪಾತ್ರದಲ್ಲಿರಲಿಲ್ಲ.

ಅಕ್ಕ ಮೇಲಿನಿಂದ ಕೂಗಿದಳು: "ಬಸ್ಸಿಗೆ ಹೊತ್ತಾಗುತ್ತೆ ಕಣೇ!"

"ರಾಜನ ಬೂಟು ಒಂದು ಉಳಿದಿದೆ ಕಣೇ, ನೀನು ಹೊರಡು" ಎಂದೆ.

ಮುಖ ಒರೆಸಿಕೊಂಡು ಅವರು ಚಪ್ಪಲಿಗೆ ಕೈ ಚಾಚಿದರು. "ಕೊಡು. ಚೂರುಗಳನ್ನ ತೆಗೆದು ಅವನು ಮಾಡಿದ ಹಾಗೇ ಮಾಡಿಕೊಡ್ತೀನಿ."

"ಬೇಡ ಅಪ್ಪ. ಹಾಗೇ ಇರಲಿ."

ಕೂತೆ. ಅವರು ಮೊಣಕಾಲೂರಿ ನನ್ನ ಕಾಲಿಗೆ ಅದನ್ನು ತೊಡಿಸಿದರು. ಮೂರನೇದಕ್ಕೆ ಪಾದ ಒಳಗೆ ಅಲ್ಲಾಡಿತು. ನಾಲ್ಕಕ್ಕೂ, ಐದಕ್ಕೂ ಸಡಿಲ. ಅಲ್ಲಿಗೆ ಅವನು ಕೊಟ್ಟ ತೂತುಗಳು ಮುಗಿದವು. ಅವರು ಉಳಿಯನ್ನೂ ಸುತ್ತಿಗೆಯನ್ನೂ ತಂದು ಪಟ್ಟಿಯನ್ನು ಮರದ ತುಂಡಿನ ಮೇಲಿಟ್ಟು ಇನ್ನೊಂದು ತೂತು ಹೊಡೆದರು. ಸಾಲಲಿಲ್ಲ. ಮತ್ತೊಂದು ಹೊಡೆದರು. ಈಗ ಹಿಡಿಯಿತು. ನನ್ನ ಪಾದದ ಮೇಲೆ ಕೈಯಿಟ್ಟು, ಗಿರಾಕಿಗಳಿಗೆ ಹೇಳುವ ದನಿಯಲ್ಲಿ, ಆದರೆ ಮೆಲ್ಲಗೆ ಹೇಳಿದರು.

"ಏಳನೇದು."